ಪಾಪ ‘ಇದೆ’ಯೋ, ‘ಹೌದೋ’?

ಇಂಗ್ಲಿಷಿನಲ್ಲಿ ಪಾಪಕ್ಕೆ ‘ಸಿನ್’ ಎನ್ನುತ್ತಾರೆ. ಆ ಪುಟ್ಟ ಪದಕ್ಕೂ ನಮ್ಮ ‘ಸತ್ಯ’ಕ್ಕೂ ಬೇರು ಒಂದೇ ಎಂದರೆ ಹುಡುಗಾಟದ ಮಾತು ಅನ್ನಿಸೀತು. ಆದರೆ ಇಂಡೋ-ಯುರೋಪಿಯನ್ ಭಾಷೆಗಳ ಚರಿತ್ರೆ ಬಲ್ಲವರಲ್ಲಿ ಹೆಚ್ಚಿನವರು ಒಪ್ಪಿರುವ ವ್ಯುತ್ಪತ್ತಿ ಇದೇ. ‘ಇರು’ ಎಂಬರ್ಥದ ಒಂದು ಹಳೆಯ ಧಾತುವಿನಿಂದ ‘ಇರುವ, ಇರುವಂಥ’ ಎಂಬ ಕೃದಂತ ರೂಪವೊಂದು ಹುಟ್ಟಿತು. ಸಂಸ್ಕೃತದಲ್ಲಿ ಅದು ‘ಸತ್’ ಆಯಿತು. ಅಲ್ಲಿಂದ ಸತ್ಯ, ಸಜ್ಜನ, ಸಂತ ಎಲ್ಲವೂ ಬಂದವು. ಅದೇ ರೂಪ ಲ್ಯಾಟಿನ್ನಿನಲ್ಲಿ ‘ಸೋನ್ಸ್’ ಆಗಿ ಉಳಿಯಿತು, ಆದರೆ ಅಲ್ಲಿ ಅದರ ಅರ್ಥ ಅಪರಾಧಿ, ನಿರಪರಾಧಿ ‘ಇನ್ಸೋನ್ಸ್’. ಯುರೋಪಿನ ಉತ್ತರ ಭಾಗದ ಜರ್ಮಾನಿಕ್ ಭಾಷೆಗಳಲ್ಲಿ ಆ ಬೇರು ಎರಡು ಕವಲಾಯಿತು. ಒಂದು ಕವಲು ಸತ್ಯದ ಕಡೆಗೆ ಹೋಯಿತು: ಹಳೆಯ ಇಂಗ್ಲಿಷಿನ ‘ಸೂತ್’ ಎಂದರೆ ನಿಜ. ಇನ್ನೊಂದು ಪಾಪದ ಕಡೆಗೆ ಹೋಯಿತು: ಇಂಗ್ಲಿಷಿನ ‘ಸಿನ್’, ಜರ್ಮನ್ನಿನ ‘ಸ್ಯುಂಡೆ’, ಡಚ್ಚಿನ ‘ಜೊಂಡೆ’. ಸ್ವೀಡಿಷ್‌ನಲ್ಲಿ ಇವತ್ತಿಗೂ ‘ಸನ್’ ಎಂದರೆ ನಿಜ, ‘ಸ್ಯುಂಡ್’ ಎಂದರೆ ಪಾಪ. ಫಿನ್ನಿಷ್ ಈ ಕುಟುಂಬದ ಭಾಷೆಯೇ ಅಲ್ಲ. ಆದರೂ ಅದು ನೆರೆಯವರಿಂದ ‘ಸ್ಯುಂತಿ’ ಎಂದು ಪಾಪವನ್ನು ಎರವಲು ಪಡೆದುಕೊಂಡಿದೆ. ಒಂದೇ ಪದ ಒಂದೆಡೆ ಸಂತನನ್ನೂ ಇನ್ನೊಂದೆಡೆ ಪಾಪಿಯನ್ನೂ ಹೆತ್ತಿತೆಂಬುದು ಬರಿಯ ಭಾಷೆಯ ಕೌತುಕವೋ, ಅಥವಾ ಪಾಪ ಎಂದರೇನು ಎಂಬ ಪ್ರಶ್ನೆಗೆ ಅದರಿಂದ ಏನಾದರೂ ಬೆಳಕು ಸಿಗುತ್ತದೆಯೋ ಎಂಬುದು ನೋಡತಕ್ಕದ್ದು. ಸಿಗುತ್ತದೆ ಎಂಬುದು ನನ್ನ ವಾದ. ಆದರೆ ಪ್ರವಚನಕಾರರು ಸಾಮಾನ್ಯವಾಗಿ ಹುಡುಕುವ ಜಾಗದಲ್ಲಿ ಅದು ಸಿಗುವುದಿಲ್ಲ.

ಪ್ರವಚನಕಾರರ ದಾರಿ ಎಲ್ಲರಿಗೂ ಗೊತ್ತಿರುವಂಥದು: ಪದದ ಮೂಲಾರ್ಥ ಹೇಳಿ, ಅದನ್ನೇ ವಸ್ತುವಿನ ತತ್ತ್ವವೆಂದು ಮುಂದಿಡುವುದು. ಕ್ರೈಸ್ತ ಪೀಠಗಳಲ್ಲಿ ಅತಿ ಹೆಚ್ಚು ಸಲ ಈ ಉಪಚಾರಕ್ಕೆ ಗುರಿಯಾದ ಪದ ಗ್ರೀಕಿನ ‘ಹಮಾರ್ತಿಯ’. ಅದರ ಮೂಲಾರ್ಥ ಗುರಿ ತಪ್ಪುವುದು. ಆದ್ದರಿಂದ ಪಾಪವೆಂದರೆ ದೇವರು ಇಟ್ಟ ಗುರಿಯನ್ನು ತಪ್ಪುವುದು ಎಂದು ಬೋಧನೆ ಸಾಗುತ್ತದೆ. ಕನ್ನಡಿಗರಿಗೆ ಇದನ್ನು ವಿವರಿಸುವ ಶ್ರಮವೇ ಬೇಕಿಲ್ಲ, ಏಕೆಂದರೆ ನಮ್ಮ ‘ತಪ್ಪು’ ಅಚ್ಚು ಇದೇ ಜಾತಿಯದು: ಬಾಣ ತಪ್ಪುತ್ತದೆ, ದಾರಿ ತಪ್ಪುತ್ತದೆ, ಬಸ್ಸು ತಪ್ಪುತ್ತದೆ, ಅದೇ ಮಾತು ನಾಮಪದವಾದಾಗ ಮನುಷ್ಯ ತಪ್ಪು ಮಾಡುತ್ತಾನೆ. ಹೋಮರನ ಕಾವ್ಯದಲ್ಲಿ ಎಸೆದ ಈಟಿ ಎದುರಾಳಿಗೆ ತಾಕದೆ ಹೋದಾಗ ಬರುವ ಕ್ರಿಯಾಪದ ಈ ಹಮಾರ್ತಿಯದ ಕ್ರಿಯಾಪದವೇ. ಬೈಬಲ್ಲಿನ ಹೀಬ್ರೂ ಭಾಷೆಯಲ್ಲಿ ಪಾಪಕ್ಕಿರುವ ಮುಖ್ಯ ಧಾತುವೂ ಹಾಗೇ. ‘ನ್ಯಾಯಸ್ಥಾಪಕರು’ ಗ್ರಂಥದ ಇಪ್ಪತ್ತನೆಯ ಅಧ್ಯಾಯದಲ್ಲಿ ಬೆನ್ಯಾಮೀನ್ ಕುಲದ ಏಳುನೂರು ಮಂದಿ ಎಡಗೈ ಕವಣೆಗಾರರ ಪ್ರಸ್ತಾಪ ಬರುತ್ತದೆ. ಕೂದಲೆಳೆಗೆ ಗುರಿಯಿಟ್ಟರೂ ಅವರ ಕಲ್ಲು ತಪ್ಪುತ್ತಿರಲಿಲ್ಲವಂತೆ. ಅಲ್ಲಿ ‘ತಪ್ಪುತ್ತಿರಲಿಲ್ಲ’ ಎಂಬಲ್ಲಿರುವುದು ಪಾಪದ ಧಾತುವೇ. ಕ್ರಿಸ್ತಪೂರ್ವ ಮೂರನೆಯ ಶತಮಾನದಿಂದ ಅಲೆಕ್ಸಾಂಡ್ರಿಯದ ಯೆಹೂದಿ ಅನುವಾದಕರು ಹೀಬ್ರೂ ಬೈಬಲ್ಲನ್ನು ಗ್ರೀಕಿಗೆ ತರುವಾಗ ಆ ಪದದ ಜಾಗಕ್ಕೆ ಹಮಾರ್ತಿಯವನ್ನು ಆರಿಸಿಕೊಂಡದ್ದು ಸಹಜವಾಗಿಯೇ ಇತ್ತು.

ಈ ಬೋಧನೆಯ ದೌರ್ಬಲ್ಯ ಅದೇ ಪುಟಗಳಲ್ಲಿ ಬಯಲಾಗುತ್ತದೆ. ಅದೇ ಹೀಬ್ರೂ ಗ್ರಂಥ ಪಾಪಕ್ಕೆ ‘ಪೆಶಾ’ ಎಂಬ ಇನ್ನೊಂದು ಪದವನ್ನೂ ಬಳಸುತ್ತದೆ. ಅದು ಸಾಮಂತನು ದೊರೆಯ ವಿರುದ್ಧ ಏಳುವ ದಂಗೆ. ದೊರೆ ಅಹಾಬನು ಸತ್ತ ಮೇಲೆ ಮೋವಾಬ್ ದೇಶ ಇಸ್ರಾಯೇಲಿನ ಮೇಲೆ ತಿರುಗಿಬಿತ್ತೆಂದು ಹೇಳುವಲ್ಲಿ ಬರುವುದು ಇದರ ಕ್ರಿಯಾಪದವೇ. ದಂಗೆಕೋರನು ಗುರಿ ತಪ್ಪಿದವನಲ್ಲ. ಗುರಿ ನೋಡಿಯೇ ಹೊಡೆದವನು. ಅರಿಸ್ಟಾಟಲನಂತೂ ‘ನಿಕೊಮೇಕಿಯನ್ ಎಥಿಕ್ಸ್’ನ ಐದನೆಯ ಭಾಗದಲ್ಲಿ ದುರದೃಷ್ಟ, ಪ್ರಮಾದ, ಅನ್ಯಾಯ ಎಂದು ಮೂರು ಬಗೆಯ ಹಾನಿಯನ್ನು ಬೇರ್ಪಡಿಸುವಾಗ ಈ ಕುಟುಂಬದ ಪದವನ್ನು ನಡುವಿನದಕ್ಕೆ, ಅಂದರೆ ದುರುದ್ದೇಶವಿಲ್ಲದ ಪ್ರಮಾದಕ್ಕೆ ಕೊಟ್ಟ. ಅವನ ಗ್ರೀಕನ್ನು ಹಿಡಿದು ವಾದಿಸಿದರೆ ಪಾಪ ಕ್ಷಮಾರ್ಹವಾದೊಂದು ಎಡವಟ್ಟು ಆಗಿಬಿಡುತ್ತದೆ. ಪೌಲನು ರೋಮಿನವರಿಗೆ ಬರೆದ ಪತ್ರದಲ್ಲಿ ಅದೇ ಪದ ಮನುಷ್ಯನನ್ನು ಆಳುವ, ಅವನಿಗೆ ಸಾವಿನ ಸಂಬಳ ಕೊಡುವ ಯಜಮಾನನಾಗಿ ನಿಂತಿದೆ. ಪದ ಒಂದೇ, ಆದರೆ ಅರಿಸ್ಟಾಟಲನ ಪ್ರಮಾದಕ್ಕೂ ಪೌಲನ ಯಜಮಾನನಿಗೂ ಏನೂ ಸಂಬಂಧವಿಲ್ಲ.

ಬೇರೆ ಭಾಷೆಗಳ ಬೇರುಗಳನ್ನು ಅಗೆದರೂ ಪ್ರವಚನಕ್ಕೆ ಸಾಮಗ್ರಿ ಸಿಗುತ್ತದೆ, ಸಿದ್ಧಾಂತ ಸಿಗುವುದಿಲ್ಲ. ಲ್ಯಾಟಿನ್ನಿನ ‘ಪೆಕ್ಕಾರೆ’ಯಿಂದ ಫ್ರೆಂಚ್, ಇಟಾಲಿಯನ್, ಸ್ಪ್ಯಾನಿಷ್‌ಗಳ ಪಾಪವೆಲ್ಲ ಬಂತು, ಅದನ್ನು ಸಾಮಾನ್ಯವಾಗಿ ‘ಪಾದ’ದ ಬೇರಿಗೆ ಸೇರಿಸಿ ಎಡವುವುದು ಎಂದು ಬಿಡಿಸುತ್ತಾರೆ. ಹೊರೇಸ್ ಕವಿ ಅದನ್ನು ಮುದಿಗುದುರೆ ಮುಗ್ಗರಿಸುವುದಕ್ಕೂ ಬಳಸಿದ್ದಾನೆ. ಸಿಸೆರೊ ಮಾತ್ರ ಅದೇ ಪದ ಹಿಡಿದು ಎಲ್ಲ ಪಾಪಗಳೂ ಸಮಾನವೆಂಬ ಸ್ಟೋಯಿಕ್ ವಾದವನ್ನು ಮಂಡಿಸಿದ: ನಾವಿಕನು ಮುಳುಗಿಸಿದ ಹಡಗಿನಲ್ಲಿ ಚಿನ್ನವಿದ್ದರೇನು, ಹೊಟ್ಟು ತುಂಬಿದ್ದರೇನು, ನಷ್ಟದಲ್ಲಿ ಅಂತರವಿರಬಹುದು, ಅವನ ಅಯೋಗ್ಯತೆಯಲ್ಲಿ ಇಲ್ಲ. ಮುಗ್ಗರಿಸುವುದರಲ್ಲಿ ಹೆಚ್ಚುಕಡಿಮೆ ಇರುತ್ತದೆಂದು ಪದ ಹೇಳುತ್ತದೆ, ಪದ ಬಳಸಿದವನು ಇಲ್ಲವೆನ್ನುತ್ತಾನೆ. ರಷ್ಯನ್ನಿನ ‘ಗ್ರೇಖ್’ ಸುಡುವುದಕ್ಕೆ ಸೇರಿದ್ದೋ ಡೊಂಕಿಗೆ ಸೇರಿದ್ದೋ ಎಂದು ಪಂಡಿತರಲ್ಲಿ ಎರಡು ಪಕ್ಷವಿದೆ. ಆದರೆ ಅದರ ಮಗಳು ‘ಅಗ್ರೇಖ್’ ಬಲು ಚೆಲುವಾದ ಪದ: ಉಳುವಾಗಲೋ ಬಿತ್ತುವಾಗಲೋ ನೇಗಿಲು, ಕೂರಿಗೆ ತಾಕದೆ ನಡುವೆ ಉಳಿದುಹೋದ ನೆಲದ ತುಣುಕು. ಇನ್ನು ಜರ್ಮನ್ ಪೀಠಗಳಲ್ಲಿ ‘ಸ್ಯುಂಡೆ’ಯನ್ನು ಎರಡು ದಡಗಳನ್ನು ಬೇರ್ಪಡಿಸುವ ‘ಸುಂಡ್’ ಎಂಬ ಜಲಸಂಧಿಯ ಜೊತೆ ಗಂಟುಹಾಕಿ, ಪಾಪವೆಂದರೆ ದೇವರಿಗೂ ಮನುಷ್ಯನಿಗೂ ನಡುವಿನ ಬಿರುಕು ಎನ್ನುವುದು ರೂಢಿ. 1948ರಲ್ಲಿ ಪ್ರಕಟವಾದ ತನ್ನ ಪ್ರವಚನವೊಂದರಲ್ಲಿ ದೇವತಾಶಾಸ್ತ್ರಜ್ಞ ಪಾಲ್ ಟಿಲಿಕ್ ಕೂಡ ‘ಸಿನ್’ ಇಂಗ್ಲಿಷಿನ ‘ಬೇರ್ಪಟ್ಟು’ ಎಂಬರ್ಥದ ಪದದ ಬೇರಿನದೇ ಇರಬಹುದೇನೋ ಎಂದು ಸೂಚಿಸಿ, ಹೇಗಿದ್ದರೂ ಪಾಪ ಬೇರ್ಪಡುವಿಕೆಯೇ ಎಂದು ಮುಂದುವರಿದ. ಆ ‘ಹೇಗಿದ್ದರೂ’ ಎಂಬ ಮಾತನ್ನು ನಾನು ಮೆಚ್ಚುತ್ತೇನೆ. ವ್ಯುತ್ಪತ್ತಿ ಸುಳ್ಳಾದರೂ ತನ್ನ ವಾದ ನಿಲ್ಲುತ್ತದೆಂದು ಅವನಿಗೆ ಗೊತ್ತಿತ್ತು. ಹಾಗಾದರೆ ವ್ಯುತ್ಪತ್ತಿಗೆ ಅಲ್ಲಿ ಅಲಂಕಾರಕ್ಕಿಂತ ಹೆಚ್ಚಿನ ಕೆಲಸವಿರಲಿಲ್ಲ.

ಈ ಮಿತಿಯನ್ನು ಹದಿಮೂರನೆಯ ಶತಮಾನದಲ್ಲೇ ಥಾಮಸ್ ಅಕ್ವಿನಾಸ್ ಹೇಳಿಬಿಟ್ಟಿದ್ದ. ಹೆಸರು ಯಾವುದರಿಂದ ಬಂತು ಎಂಬುದು ಬೇರೆ, ಯಾವುದನ್ನು ಹೇಳಲು ಇಟ್ಟದ್ದು ಎಂಬುದು ಬೇರೆ. ಲ್ಯಾಟಿನ್ನಿನಲ್ಲಿ ಕಲ್ಲಿಗಿರುವ ಹೆಸರು ‘ಕಾಲಿಗೆ ನೋವು ಮಾಡುವುದು’ ಎಂಬುದರಿಂದ ಬಂದದ್ದೆಂದು ಅವನ ಕಾಲದವರು ನಂಬಿದ್ದರು. ಹಾಗೆಂದು ಕಾಲಿಗೆ ನೋವು ಮಾಡುವುದೆಲ್ಲ ಕಲ್ಲಾಗುವುದಿಲ್ಲ ಎಂದ ಅವನು. ಆ ವ್ಯುತ್ಪತ್ತಿ ಇಂದಿನ ಭಾಷಾವಿಜ್ಞಾನದ ಮುಂದೆ ನಿಲ್ಲುವುದಿಲ್ಲ, ವಾದ ಮಾತ್ರ ಗಟ್ಟಿಯಾಗಿ ನಿಂತಿದೆ. ನಮ್ಮ ‘ದೇವ’ನ ಒಡಹುಟ್ಟೇ ಪಾರಸಿಗಳ ಅವೆಸ್ತದಲ್ಲಿ ‘ದಏವ’ ಎಂಬ ರಾಕ್ಷಸನಾದದ್ದನ್ನು ನೆನೆದರೆ ಸಾಕು, ಬೇರು ಅರ್ಥವನ್ನು ಕಟ್ಟಿಹಾಕುವುದಿಲ್ಲವೆಂದು ತಿಳಿಯುತ್ತದೆ. 1961ರಲ್ಲಿ ಜೇಮ್ಸ್ ಬಾರ್ ಎಂಬ ವಿದ್ವಾಂಸ ಬೈಬಲ್ ಅಧ್ಯಯನದಲ್ಲಿ ಹರಡಿದ್ದ ಈ ಬೇರಿನ ವ್ಯಾಮೋಹವನ್ನು ಒಂದಿಡೀ ಪುಸ್ತಕದಲ್ಲಿ ಬಿಡಿಸಿಟ್ಟ ಮೇಲಂತೂ ಶಾಸ್ತ್ರವಲಯದಲ್ಲಿ ಇದರ ಬಗ್ಗೆ ತಕರಾರು ಉಳಿದಿಲ್ಲ. ಪೀಠಗಳಿಗೆ ಸುದ್ದಿ ತಲುಪುವುದಷ್ಟೇ ಬಾಕಿ.

ಹಾಗಾದರೆ ‘ಸಿನ್’ ಮತ್ತು ‘ಸತ್ಯ’ದ ನಂಟನ್ನು ಹಿಡಿದುಕೊಂಡು ನಾನು ಮಾಡಹೊರಟಿರುವುದೂ ಇದೇ ದೋಷವಲ್ಲವೇ ಎಂದು ಕೇಳಬಹುದು. ವ್ಯತ್ಯಾಸ ಇಷ್ಟು: ಪದದ ಹುಟ್ಟನ್ನು ಪಾಪದ ಲಕ್ಷಣವೆಂದು ನಾನು ತೆಗೆದುಕೊಳ್ಳುತ್ತಿಲ್ಲ, ಒಂದು ಕಾಲದ ಜನ ಏನು ಮಾಡುತ್ತಿದ್ದರು ಎಂಬುದಕ್ಕೆ ಸಾಕ್ಷಿಯಾಗಿ ತೆಗೆದುಕೊಳ್ಳುತ್ತಿದ್ದೇನೆ. ಸಾಕ್ಷಿ ಒಂದೇ ಕಡೆಯಿಂದ ಬಂದಿಲ್ಲ. ಹಳೆಯ ನಾರ್ಸ್ ಭಾಷೆಯಲ್ಲಿ ‘ಸನ್ನರ್’ ಎಂದರೆ ನಿಜವಾದ. ಅದೇ ಪದವನ್ನು ಆರೋಪ ರುಜುವಾತಾದವನಿಗೂ ಹೇಳುತ್ತಿದ್ದರು. ಇಂಥ ಕೃತ್ಯದಲ್ಲಿ ಅವನು ‘ನಿಜ’ ಎಂದರೆ ಆ ಕೃತ್ಯದ ಅಪರಾಧಿ ಎಂದರ್ಥ. ಲ್ಯಾಟಿನ್ನಿನ ‘ಸೋನ್ಸ್’ ಕೂಡ ನ್ಯಾಯದ ಮಾತೇ. ಇವೆರಡಕ್ಕಿಂತ ಬಹಳ ಹಿಂದಿನ ಮೂರನೆಯ ಸಾಕ್ಷಿ ಈಗಿನ ಟರ್ಕಿಯ ಬೊಗಾಜ್‌ಕಾಲೆಯ ಬಳಿ, ಹಿಟ್ಟೈಟರ ರಾಜಧಾನಿಯಾಗಿದ್ದ ಹತ್ತೂಶದ ಮಣ್ಣಿನ ಫಲಕಗಳಲ್ಲಿದೆ. ಕ್ರಿಸ್ತಪೂರ್ವ ಹದಿನಾಲ್ಕನೆಯ ಶತಮಾನದ ಕೊನೆಯಲ್ಲಿ ಆಳುತ್ತಿದ್ದ ಎರಡನೆಯ ಮುರ್ಶಿಲಿಯ ಕಾಲಕ್ಕೆ ಅವನ ನಾಡಿನಲ್ಲಿ ಇಪ್ಪತ್ತು ವರ್ಷಗಳಿಂದ ಪಿಡುಗು ಜನರನ್ನು ತಿನ್ನುತ್ತಿತ್ತು. ಅವನ ತಂದೆ ಶುಪ್ಪಿಲುಲಿಯುಮ ಈಜಿಪ್ಟಿನೊಡನೆ ಆಣೆಯಿಟ್ಟು ಮಾಡಿಕೊಂಡಿದ್ದ ಒಪ್ಪಂದವನ್ನು ಮುರಿದು ದಂಡೆತ್ತಿ ಹೋಗಿದ್ದ. ಹಿಡಿದು ತಂದ ಸೆರೆಯಾಳುಗಳ ಜೊತೆಗೇ ಪಿಡುಗೂ ಬಂದಿತ್ತು. ಶಕುನ ಕೇಳಿಸಿ, ಹಳೆಯ ಫಲಕಗಳನ್ನು ಹುಡುಕಿಸಿ ಈ ಕಾರಣ ಕಂಡುಕೊಂಡ ಮುರ್ಶಿಲಿ ಬಿರುಗಾಳಿಯ ದೇವರ ಮುಂದೆ ನಿಂತು ನಿವೇದಿಸಿಕೊಳ್ಳುತ್ತಾನೆ: ಅದು ಹೌದು, ನಾವು ಮಾಡಿದ್ದೇವೆ. ಆ ‘ಹೌದು’ ಎಂಬುದಕ್ಕೆ ಹಿಟ್ಟೈಟ್ ಭಾಷೆಯಲ್ಲಿರುವುದು ‘ಇರು’ ಧಾತುವಿನ ರೂಪವೇ. ಅಮೆರಿಕದ ಭಾಷಾವಿಜ್ಞಾನಿ ಕ್ಯಾಲ್ವರ್ಟ್ ವಾಟ್ಕಿನ್ಸ್ 1967ರ ಲೇಖನವೊಂದರಲ್ಲಿ ಲ್ಯಾಟಿನ್ನಿನ ‘ಸೋನ್ಸ್’ ಪದವನ್ನು ಇಂಥ ತಪ್ಪೊಪ್ಪಿಗೆಯ ಸೂತ್ರದ ಬೆಳಕಿನಲ್ಲಿ ಓದಿ ತೋರಿಸಿದರು. ಅಪರಾಧಿಯೆಂದರೆ ‘ಹೌದಾದವನು’: ಯಾವನ ಬಗ್ಗೆ ಆಡಿದ ಮಾತು ನಿಜವೋ ಅವನು.

ಇಷ್ಟು ದೂರದ ಮೂರು ತುಣುಕುಗಳನ್ನು ಹೊಲಿದು ಒಂದು ಬಟ್ಟೆ ಮಾಡಬಹುದೇ ಎಂಬ ಸಂಶಯ ಸಕಾರಣವಾದದ್ದೇ. ‘ಸಿನ್’ಗೆ ಬೇರೆ ಹುಟ್ಟು ಹೇಳಿದವರೂ ಇದ್ದಾರೆ. ಗೋಥರಿಗಾಗಿ ನಾಲ್ಕನೆಯ ಶತಮಾನದಲ್ಲಿ ಬೈಬಲ್ ಅನುವಾದಿಸಿದ ವುಲ್ಫಿಲ ಪಾಪಕ್ಕೆ ಈ ಕುಟುಂಬದ ಪದವನ್ನು ಮುಟ್ಟದೆ ‘ಕೆಟ್ಟದಾಗಿ ಮಾಡಿದ್ದು’ ಎಂಬಂಥ ಇನ್ನೊಂದನ್ನು ಬಳಸಿದ್ದಾನೆ. ಹಾಗಾಗಿ ಇಡೀ ಜರ್ಮಾನಿಕ್ ಲೋಕ ಪಾಪವನ್ನು ಹೀಗೇ ಕಂಡಿತ್ತೆನ್ನಲು ಬಾರದು. ಆದರೂ ನಾರ್ಸ್‌ನ ‘ಸನ್ನರ್’ ಇರುವತನಕ, ‘ನಿಜ’ದಿಂದ ‘ಅಪರಾಧಿ’ಗೆ ಹೋಗುವ ಹೆಜ್ಜೆಯನ್ನು ಊಹಿಸಬೇಕಾದ ಅಗತ್ಯವೇ ಬೀಳುವುದಿಲ್ಲ, ಅದು ಬರಹದಲ್ಲಿ ಕಣ್ಣಿಗೆ ಕಾಣುವಂತಿದೆ.

ಈ ಸಾಕ್ಷಿ ಉಪಯೋಗಕ್ಕೆ ಬರುವುದು ಸಂತ ಅಗಸ್ಟೀನ್ ಕೊನೆಯವರೆಗೂ ಕುಸ್ತಿ ಮಾಡಿದ ಒಂದು ತೊಡಕಿನಲ್ಲಿ. ಕೆಡುಕು ತಾನೇ ಒಂದು ದ್ರವ್ಯ, ಬೆಳಕಿಗೆ ಎದುರಾಗಿ ನಿಂತ ಕತ್ತಲೆಯ ರಾಜ್ಯ ಎಂದು ಕಲಿಸುತ್ತಿದ್ದ ಮಾನಿಯ ಪಂಥದಲ್ಲಿ ಅವನು ಒಂಬತ್ತು ವರ್ಷ ಕಳೆದ. ಅದನ್ನು ಬಿಟ್ಟ ಮೇಲೆ ಅವನು ತಲುಪಿದ ನಿಲುವು: ಇರುವುದೆಲ್ಲ ದೇವರ ಸೃಷ್ಟಿ, ಆದ್ದರಿಂದ ಇರುವಷ್ಟರ ಮಟ್ಟಿಗೆ ಒಳ್ಳೆಯದು, ಕೆಡುಕಿಗೆ ಸ್ವಂತ ಇರವಿಲ್ಲ, ಅದು ಒಳಿತಿನ ಅಭಾವ ಮಾತ್ರ. ಹಾಗಿದ್ದಮೇಲೆ ಪಾಪವೆಂಬುದು ಇಲ್ಲವೇ? ಇಲ್ಲದ್ದಕ್ಕೆ ಪಶ್ಚಾತ್ತಾಪವೇಕೆ? ಹದಿನಾರರ ಹುಡುಗನಾಗಿದ್ದಾಗ ಗೆಳೆಯರೊಡನೆ ರಾತ್ರಿ ಹೋಗಿ ಪಕ್ಕದ ತೋಟದ ಪೇರ್ ಹಣ್ಣು ಕದ್ದ ಪ್ರಸಂಗವನ್ನು ಅವನು ‘ಕನ್ಫೆಶನ್ಸ್’ನ ಎರಡನೆಯ ಭಾಗದಲ್ಲಿ ಪುಟಗಟ್ಟಲೆ ಕೆದಕುತ್ತಾನೆ. ಹಸಿವಿರಲಿಲ್ಲ, ಮನೆಯಲ್ಲಿ ಇದಕ್ಕಿಂತ ಒಳ್ಳೆಯ ಹಣ್ಣಿತ್ತು, ಕದ್ದದ್ದರಲ್ಲಿ ಹೆಚ್ಚಿನದನ್ನು ಹಂದಿಗಳಿಗೆ ಎಸೆದರು. ಆ ರಾತ್ರಿ ಅಲ್ಲಿ ಏನೇನಿತ್ತು ಎಂದು ಲೆಕ್ಕ ಹಾಕಿ: ಮರವಿತ್ತು, ಹಣ್ಣಿತ್ತು, ಹುಡುಗರ ಕೈಗಳಿದ್ದವು, ಹಂದಿಗಳಿದ್ದವು. ಒಂದೊಂದೂ ಅಗಸ್ಟೀನನ ಪ್ರಕಾರ ಒಳ್ಳೆಯದೇ. ಪಟ್ಟಿಯಲ್ಲಿ ಪಾಪವೆಂಬ ವಸ್ತು ಎಲ್ಲೂ ಇಲ್ಲ. ಆದರೂ ‘ನೀನು ಕದ್ದೆಯಾ?’ ಎಂದರೆ ಉತ್ತರ ಹೌದು.

ಗಂಟು ಬಿಚ್ಚಿಕೊಳ್ಳುವುದು ಇಲ್ಲೇ. ಯುರೋಪಿನ ಭಾಷೆಗಳು ‘ಇರು’ ಧಾತುವಿನ ಒಂದೇ ಕ್ರಿಯಾಪದದಿಂದ ಎರಡು ಕೆಲಸ ಮಾಡಿಸಿಕೊಳ್ಳುತ್ತ ಬಂದಿವೆ: ವಸ್ತು ಇದೆ ಎನ್ನುವುದು ಒಂದು, ಮಾತು ನಿಜ ಎನ್ನುವುದು ಇನ್ನೊಂದು. ಗ್ರೀಕ್ ತತ್ತ್ವಶಾಸ್ತ್ರದ ವಿದ್ವಾಂಸ ಚಾರ್ಲ್ಸ್ ಕಾನ್ 1973ರ ಗ್ರಂಥದಲ್ಲಿ ಆ ಭಾಷೆಯ ‘ಇರು’ ಕ್ರಿಯಾಪದಕ್ಕೆ ‘ನಿಜವಾಗಿರು, ಹಾಗೇ ಇರು’ ಎಂಬ ಬಳಕೆ ಎಷ್ಟು ಮುಖ್ಯವಾಗಿತ್ತೆಂದು ತೋರಿಸಬೇಕಾಯಿತು. ಕನ್ನಡದಲ್ಲಿ ಈ ಎರಡು ಕೆಲಸಗಳಿಗೆ ಬೇರೆ ಬೇರೆ ಪದಗಳೇ ಇವೆ. ‘ಇದೆ’ಗೆ ಎದುರು ‘ಇಲ್ಲ’, ‘ಹೌದು’ಗೆ ಎದುರು ‘ಅಲ್ಲ’. ‘ಮನೆಯಲ್ಲಿ ಕಳ್ಳ ಇಲ್ಲ’ ಎಂಬುದಕ್ಕೂ ‘ಅವನು ಕಳ್ಳ ಅಲ್ಲ’ ಎಂಬುದಕ್ಕೂ ಇರುವ ಅಂತರ ನಮ್ಮ ಮಕ್ಕಳಿಗೂ ತಿಳಿದದ್ದು. ‘ಹೌದು’ ಎಂಬುದು ಹಳಗನ್ನಡ, ನಡುಗನ್ನಡಗಳ ‘ಅಪ್ಪುದು’, ‘ಅಹುದು’ಗಳಿಂದ ಇಳಿದು ಬಂದದ್ದು, ಅದು ‘ಆಗು’ ಧಾತುವಿನದು, ‘ಇರು’ವಿನದಲ್ಲ. ಈ ಕಣ್ಣಿನಿಂದ ನೋಡಿದರೆ ಅಗಸ್ಟೀನನ ಮಾತೂ ಉಳಿಯುತ್ತದೆ, ಪಶ್ಚಾತ್ತಾಪವೂ ಉಳಿಯುತ್ತದೆ. ಪಾಪ ‘ಇದೆ’ಯೇ ಎಂದರೆ ಇಲ್ಲ, ‘ಹೌದೇ’ ಎಂದರೆ ಹೌದು. ಉತ್ತರದ ಭಾಷೆಗಳು ‘ಇರುವಿಕೆ’ಯಿಂದ ಪಾಪದ ಪದವನ್ನು ಹುಟ್ಟಿಸಿದಾಗ ಅವು ಪಾಪಕ್ಕೆ ಮೈ ಕೊಡಲಿಲ್ಲ, ಮಾಡಿದವನ ಮೇಲೆ ನಿಜವಾಗಿ ನಿಲ್ಲುವ ಒಂದು ವಾಕ್ಯಕ್ಕೆ ಹೆಸರಿಟ್ಟವು. ಅಭಾವದ ಬಗ್ಗೆಯೂ ನಿಜವಾದ ಮಾತು ಸಾಧ್ಯವೆಂಬುದು ನಮ್ಮ ನೈಯಾಯಿಕರಿಗೆ ಹೊಸದಲ್ಲ. ನೆಲದ ಮೇಲೆ ಗಡಿಗೆ ಇಲ್ಲ ಎಂಬುದು ಸತ್ಯವಾದ ಜ್ಞಾನವೇ ಎಂದು ವಾದಿಸಿ, ಅಭಾವವನ್ನೂ ಪದಾರ್ಥಗಳ ಪಟ್ಟಿಗೆ ಸೇರಿಸಿದವರು ಅವರ ಕಡೆಯವರು. ಪಟ್ಟಿಗೆ ಸೇರಿಸುವಷ್ಟು ದೂರ ಹೋಗಬೇಕೆಂದು ನನಗೆ ಅನ್ನಿಸುವುದಿಲ್ಲ; ‘ಹೌದು’ ಸಾಕು.

ಪಾಪವನ್ನು ಹೀಗೆ ಮಾತಿಗೆ ಕಟ್ಟಿದರೆ ಬಾಯಿಬಿಡದವನು ನಿಷ್ಪಾಪಿಯಾಗುತ್ತಾನಲ್ಲ ಎಂಬ ಆಕ್ಷೇಪಕ್ಕೆ ಉತ್ತರ ಸುಲಭ. ನಿಜವಾಗಿರುವುದು ಹೇಳಿದ ಮೇಲೆ ನಿಜವಾಗುವುದಿಲ್ಲ. ನಿಜವಾಗಿದ್ದರಿಂದಲೇ ಹೇಳಲು ಬರುತ್ತದೆ. ನಾರ್ಸ್ ನ್ಯಾಯದಲ್ಲಿ ಒಬ್ಬ ‘ಸನ್ನರ್’ ಆಗುತ್ತಿದ್ದದ್ದು ಅವನು ಬಾಯಿಬಿಟ್ಟಾಗ ಮಾತ್ರವಲ್ಲ, ಬೇರೆಯವರು ರುಜುವಾತು ಮಾಡಿದಾಗಲೂ ಸಹ. ಇದಕ್ಕಿಂತ ತೂಕದ ಆಕ್ಷೇಪ ಚರಿತ್ರೆಯಿಂದ ಬರುತ್ತದೆ. 1215ರ ನಾಲ್ಕನೆಯ ಲ್ಯಾಟರನ್ ಮಹಾಸಭೆ ಪ್ರತಿಯೊಬ್ಬ ಕ್ರೈಸ್ತನೂ ವರ್ಷಕ್ಕೊಮ್ಮೆಯಾದರೂ ಪಾದ್ರಿಯ ಮುಂದೆ ಪಾಪನಿವೇದನೆ ಮಾಡಬೇಕೆಂದು ವಿಧಿಸಿತು. ಅದೇ ಸಭೆ ಅಗ್ನಿದಿವ್ಯ, ಜಲದಿವ್ಯಗಳಿಗೆ ಪಾದ್ರಿಗಳು ಮಂತ್ರ ಹಾಕಕೂಡದೆಂದೂ ಹೇಳಿತು. ದಿವ್ಯ ಹೋದ ಮೇಲೆ ನ್ಯಾಯಾಲಯಗಳು ಆರೋಪಿಯ ಬಾಯಿಯನ್ನೇ ಆಶ್ರಯಿಸಿದವು. 1252ರಲ್ಲಿ ಪೋಪ್ ನಾಲ್ಕನೆಯ ಇನೊಸೆಂಟ್ ಪಾಷಂಡಿಗಳಿಂದ ತಪ್ಪೊಪ್ಪಿಗೆ ಪಡೆಯಲು ಚಿತ್ರಹಿಂಸೆಗೆ ಒಪ್ಪಿಗೆ ಕೊಟ್ಟ. ಅಪರಾಧವನ್ನು ‘ಹೌದು’ ಎಂಬ ಮಾತಿಗೆ ಕಟ್ಟಿದ್ದರ ಫಲ ಇದಲ್ಲವೇ? ನನ್ನ ದೃಷ್ಟಿಯಲ್ಲಿ ಇದು ಆ ಹಳೆಯ ಪದ ಕಟ್ಟಿದ್ದ ಗಂಟನ್ನು ಹರಿದುಹಾಕಿದ ಕೃತ್ಯ. ಸತ್ಯವೂ ಅಪರಾಧವೂ ಒಂದೇ ಬೇರಿನಿಂದ ಎದ್ದದ್ದು ಅವೆರಡೂ ಒಟ್ಟಿಗಿರಬೇಕೆಂದು. ಹಗ್ಗ ಕಟ್ಟಿ ಮೇಲೆಳೆದು ಹೇಳಿಸಿದ ಹೌದಿನಲ್ಲಿ ಅಪರಾಧಿ ಸಿಗುತ್ತಾನೆ, ಸತ್ಯ ಸಿಗುವುದಿಲ್ಲ. ಆದರೂ ಒಪ್ಪಿಕೊಳ್ಳಲೇಬೇಕಾದದ್ದು ಒಂದಿದೆ: ಪಾಪವನ್ನು ಮೈಮೇಲಿನ ಕಲೆಯೆಂದು ನಂಬಿದವರು ತೊಳೆಯಲು ನೀರು ಹುಡುಕಿದರೆ, ಅದನ್ನು ವಾಕ್ಯವೆಂದು ನಂಬಿದವರಿಗೆ ವಾಕ್ಯ ಹೊರಡಿಸುವ ಆಸೆ ಹುಟ್ಟುತ್ತದೆ.

ಎಲ್ಲಕ್ಕಿಂತ ಕಷ್ಟದ ಆಕ್ಷೇಪ ನನ್ನ ಸಾಕ್ಷಿಯ ಬಾಯಿಂದಲೇ ಬರುತ್ತದೆ. ಮುರ್ಶಿಲಿ ಅದೇ ಪ್ರಾರ್ಥನೆಯಲ್ಲಿ, ಪಾಪ ಮಾಡಿದ್ದು ನನ್ನ ತಂದೆ, ನಾನಲ್ಲ ಎನ್ನುತ್ತಾನೆ. ತಂದೆಯ ಪಾಪ ಮಗನಿಗೆ ಬರುತ್ತದೆ ಎಂದೂ ಸೇರಿಸಿ, ‘ನಾವು ಮಾಡಿದ್ದೇವೆ’ ಎಂದು ತಲೆಬಾಗುತ್ತಾನೆ. ‘ಅವನು’ ಎಂಬುದು ‘ನಾವು’ ಆದ ಕ್ಷಣಕ್ಕೆ ಆ ಹೌದು ಎಷ್ಟರಮಟ್ಟಿಗೆ ಹೌದು? ದೊರೆ ನಾಡಿನ ಸಾಲವನ್ನು ಹೊತ್ತುಕೊಂಡ ಎನ್ನಬಹುದು, ಕೃತ್ಯವನ್ನು ಹೊತ್ತುಕೊಂಡ ಎನ್ನಲಾಗದು. ಸಾಲ ವರ್ಗಾವಣೆಯಾಗುತ್ತದೆ, ಕದ್ದ ಕೈ ವರ್ಗಾವಣೆಯಾಗುವುದಿಲ್ಲ. ಅಗಸ್ಟೀನ್ ಇದೇ ಜಾಗದಲ್ಲಿ ಮುರ್ಶಿಲಿಗಿಂತ ಮುಂದೆ ಹೋದ, ಅದಕ್ಕೆ ಆಧಾರವಾಗಿ ಸಿಕ್ಕಿದ್ದು ಇನ್ನೊಂದು ಪುಟ್ಟ ಪದ. ರೋಮಿನವರಿಗೆ ಬರೆದ ಪತ್ರದ ಐದನೆಯ ಅಧ್ಯಾಯದಲ್ಲಿ ಸಾವು ಎಲ್ಲರಿಗೂ ಹರಡಿತೆಂದು ಹೇಳಿದ ಮೇಲೆ ಪೌಲನ ಗ್ರೀಕಿನಲ್ಲಿ ‘ಎಫ್ ಹೋ’ ಎಂದಿದೆ. ಇಂದಿನ ಹೆಚ್ಚಿನ ಅನುವಾದಗಳು ಅದನ್ನು ‘ಎಲ್ಲರೂ ಪಾಪ ಮಾಡಿದ್ದರಿಂದ’ ಎಂದು ಓದುತ್ತವೆ. ಹಳೆಯ ಲ್ಯಾಟಿನ್ ಅನುವಾದ ಅದನ್ನು ‘ಇನ್ ಕ್ವೊ’ ಎಂದು ಮಾಡಿತು. ಅಗಸ್ಟೀನ್ ಅದನ್ನು ‘ಅವನೊಳಗೆ’, ಅಂದರೆ ಆದಾಮನೊಳಗೆ ಎಲ್ಲರೂ ಪಾಪ ಮಾಡಿದರು ಎಂದು ಓದಿಕೊಂಡ. ಮೊದಲ ಓದಿನಲ್ಲಿ ಪ್ರತಿಯೊಬ್ಬನ ಹೌದು ಅವನವನದೇ. ಎರಡನೆಯದರಲ್ಲಿ ನಿನ್ನೆ ಹುಟ್ಟಿದ ಕೂಸಿನ ಮೇಲೂ ಒಂದು ಹೌದು ಹೇರಿ ಆಗಿರುತ್ತದೆ. ಗ್ರೀಕನ್ನು ಗ್ರೀಕಾಗಿಯೇ ಓದುತ್ತಿದ್ದ ಪೂರ್ವದ ಸಭೆಗಳು ಆದಾಮನಿಂದ ಸಾವು ಬಂತೆಂದು ಒಪ್ಪಿದವು, ಅವನ ಅಪರಾಧವೂ ಬಂತೆಂಬುದನ್ನು ಒಪ್ಪಲಿಲ್ಲ. ಆ ವಿಷಯದಲ್ಲಿ ಅವರೇ ಸರಿ ಎಂದು ನನ್ನ ತೀರ್ಮಾನ.